ಅಂಗೈಯಗಲದ ಹೊಣೆ

ಹಳೆಯ ಕಾರುಗಳ ಬಗ್ಗೆ ಯಾರೇ ಬರೆಯಲು ಕೂತರೂ ಮಾತು ಬೇಗ ನೆನಪುಗಳ ಕಡೆಗೆ ಹೊರಳಿಬಿಡುತ್ತದೆ. ಮದುವೆ ದಿಬ್ಬಣಕ್ಕೆ ಬಂದ ಅಂಬಾಸಿಡರ್, ಊರಿನ ಡಾಕ್ಟರ ಮನೆಯ ಮುಂದೆ ನಿಂತಿರುತ್ತಿದ್ದ ಫಿಯಟ್, ಹಿಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತ ಆರು ಮಕ್ಕಳು. ನಾನು ಇಲ್ಲಿ ಹೇಳಹೊರಟಿರುವುದು ಅದನ್ನಲ್ಲ. ಅಂಥ ಕಾರಿನ ಮುಂದಿನ ಚಕ್ರದ ಒಳಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಕೂರುವ ಅಂಗೈಯಗಲದ ಒಂದು ಉಕ್ಕಿನ ತುಂಡಿನ ಬಗ್ಗೆ. ಅದನ್ನು ಬ್ರಾಕೆಟ್ ಎನ್ನುತ್ತಾರೆ. ಆ ತುಂಡನ್ನು ಮಾಡಿಕೊಡುವವನು ಯಾರಿಗೆ ಉತ್ತರ ಹೇಳಬೇಕು ಎಂಬ ಪ್ರಶ್ನೆ ಕೆಲವು ತಿಂಗಳಿನಿಂದ ನನ್ನ ಜೊತೆ ಇದೆ.

ನಾನು ಹೊಟ್ಟೆಪಾಡಿಗೆ ಯಂತ್ರಭಾಗಗಳ ನಕ್ಷೆ ಬರೆಯುವವನು. ಬಿಡುವಿನಲ್ಲಿ ಗೆಳೆಯರ ಹಳೆಯ ಕಾರುಗಳಿಗೆ ಇಂಥ ನಾಲ್ಕೈದು ಜೊತೆ ಬ್ರಾಕೆಟ್ ಮಾಡಿಸಿಕೊಟ್ಟಿದ್ದೇನೆ. ಇದು ಹೇಗೋ ಒಬ್ಬರಿಂದೊಬ್ಬರಿಗೆ ತಿಳಿದು, ಮಲೆನಾಡಿನ ಹುಡುಗನೊಬ್ಬ ನನಗೆ ಪತ್ರ ಬರೆದ. ಅಜ್ಜನ ಪ್ರೀಮಿಯರ್ ಪದ್ಮಿನಿ ಅವನ ಪಾಲಿಗೆ ಬಂದಿದೆ. ಅದನ್ನು ಸರಿಮಾಡಿಸಿ ಆಗುಂಬೆ ಘಾಟಿ ಇಳಿಸಿ ಉಡುಪಿಗೆ ಹೋಗಬೇಕೆಂಬ ಆಸೆ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿಸಬೇಕು. 'ಸರ್, ನೀವೇನೂ ಮಾಡೋದು ಬೇಡ, ಬ್ರಾಕೆಟ್ಟಿನ ಫೈಲ್ ಕಳಿಸಿ ಸಾಕು, ಇಲ್ಲೇ ಲೇಸರ್ ಕಟಿಂಗ್ ಮಾಡಿಸ್ಕೊಳ್ತೀನಿ' ಎಂದು ಬರೆದಿದ್ದ. ಕೇಳಿದ್ದು ಒಂದು ಫೈಲ್. ಕಳಿಸಲು ಅರ್ಧ ನಿಮಿಷ ಸಾಕು. ಆದರೆ ಕಳಿಸುವ ಮೊದಲು ನಾನು ಏನನ್ನು ಕಳಿಸುತ್ತಿದ್ದೇನೆ ಎಂದು ಯೋಚಿಸಬೇಕಾಯಿತು.

ಮೊದಲು ಕಾರಿನ ಬಗ್ಗೆ ಎರಡು ಮಾತು. ಪದ್ಮಿನಿಯ ಮೂಲ ಇಟಲಿಯ ಫಿಯಟ್ 1100. ಅದನ್ನು ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ 1964ರಿಂದ ತಯಾರಿಸತೊಡಗಿತು. 1974ರಲ್ಲಿ ಪದ್ಮಿನಿ ಎಂಬ ಹೆಸರು ಬಂತು, 2001ರ ಹೊತ್ತಿಗೆ ತಯಾರಿಕೆ ನಿಂತಿತು. ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರ್‌ನಲ್ಲಿ. 1089 ಸಿ.ಸಿ. ಎಂಜಿನ್, ಸುಮಾರು 900 ಕೆ.ಜಿ. ತೂಕ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಡಿಸ್ಕ್ ಬ್ರೇಕ್ ಆಗ ಜಗತ್ತಿಗೆ ಹೊಸದಾಗಿರಲಿಲ್ಲ. ಇಂಗ್ಲೆಂಡಿನ ಲ್ಯಾಂಚೆಸ್ಟರ್ 1902ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. 1953ರಲ್ಲಿ ಲೆ ಮಾನ್ಸ್ ರೇಸ್ ಗೆದ್ದ ಜಾಗ್ವಾರ್‌ನಲ್ಲಿ ಅದು ಇತ್ತು, 1955ರ ಸಿಟ್ರೊಯೆನ್ ಡಿಎಸ್‌ನಲ್ಲಿ ಮಾಮೂಲಿ ಗಿರಾಕಿಗೂ ಸಿಕ್ಕಿತು. ಆದರೆ ಅಂದಿನ ನಮ್ಮ ರಸ್ತೆ, ಅಂದಿನ ನಮ್ಮ ವೇಗಕ್ಕೆ ಡ್ರಮ್ ಸಾಕಾಗುತ್ತಿತ್ತು.

ಡ್ರಮ್ ಎಂದರೆ ಚಕ್ರದ ಜೊತೆ ತಿರುಗುವ, ಬೋಗುಣಿಯಂಥ ಎರಕದ ಕಬ್ಬಿಣದ ಭಾಗ. ಒಳಗೆ ಅರ್ಧಚಂದ್ರಾಕಾರದ ಎರಡು ಶೂಗಳು ಅಗಲಿಕೊಂಡು ಅದರ ಗೋಡೆಯನ್ನು ಒತ್ತಿ ಹಿಡಿಯುತ್ತವೆ. ಬಿಸಿಯಾದಾಗ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಪೆಡಲ್ ಇನ್ನಷ್ಟು ಕೆಳಗಿಳಿಯುತ್ತದೆ, ಹಿಡಿತ ಸಡಿಲವಾಗುತ್ತದೆ. ಡಿಸ್ಕ್ ಹಾಗಲ್ಲ. ಅದು ಬಯಲಿನಲ್ಲಿ ತಿರುಗುವ ತಟ್ಟೆ. ಕ್ಯಾಲಿಪರ್ ಎಂಬ ಇಕ್ಕಳ ಅದನ್ನು ಎರಡೂ ಕಡೆಯಿಂದ ಹಿಡಿಯುತ್ತದೆ. ಗಾಳಿ ತಾಗಿ ತಟ್ಟೆ ಬೇಗ ಆರುತ್ತದೆ, ಬಿಸಿಯಾಗಿ ಉಬ್ಬಿದರೂ ಪ್ಯಾಡುಗಳ ಕಡೆಗೇ ಉಬ್ಬುತ್ತದೆ. ನಾಲ್ವರು ಕೂತ ಪದ್ಮಿನಿಯ ತೂಕ 1200 ಕೆ.ಜಿ. ಎಂದಿಟ್ಟುಕೊಳ್ಳಿ. ಅದು 500 ಮೀಟರ್ ಎತ್ತರದಿಂದ ಇಳಿಯುವಾಗ ಕಳೆದುಕೊಳ್ಳಬೇಕಾದ ಶಕ್ತಿ ಹದಿನೇಳು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ಗೇರಿನಲ್ಲಿ ಇಳಿಸಿದರೆ ಎಂಜಿನ್ ಒಂದು ಪಾಲು ಹೊರುತ್ತದೆ, ಗಾಳಿ ಒಂದಿಷ್ಟು ಹೊರುತ್ತದೆ, ಉಳಿದದ್ದು ಬ್ರೇಕಿಗೆ. ಆಗುಂಬೆಯ ತಿರುವುಗಳಲ್ಲಿ ಹುಡುಗ ಡಿಸ್ಕ್ ಬೇಕೆಂದರೆ ಅದರಲ್ಲಿ ಶೋಕಿಯೇನೂ ಇಲ್ಲ.

ಹೊಸ ಕಾಲದ ಯಾವುದೋ ಸಣ್ಣ ಕಾರಿನ ಡಿಸ್ಕ್, ಕ್ಯಾಲಿಪರ್ ಅಂಗಡಿಯಲ್ಲಿ ಸಿಗುತ್ತವೆ. ಅವನ್ನು ತಯಾರಿಸಿದವರು ಸಾವಿರಾರು ಸಲ ಪರೀಕ್ಷೆ ಮಾಡಿರುತ್ತಾರೆ. ಆದರೆ ಆ ಕ್ಯಾಲಿಪರಿನ ತೂತುಗಳು ಪದ್ಮಿನಿಯ ಸ್ಟಬ್ ಆಕ್ಸಲ್‌ನ ತೂತುಗಳಿಗೆ ಹೊಂದುವುದಿಲ್ಲ. ಎರಡು ಬೇರೆ ಕಾಲದ, ಬೇರೆ ದೇಶದ ಎಂಜಿನಿಯರುಗಳು ಒಬ್ಬರನ್ನೊಬ್ಬರು ನೋಡದೆ ಮಾಡಿಟ್ಟ ಭಾಗಗಳು ಅವು. ನಡುವೆ ದುಭಾಷಿಯ ಹಾಗೆ ಒಂದು ತುಂಡು ಬೇಕು. ಒಂದು ಕಡೆ ಹಳೆಯ ತೂತುಗಳು, ಇನ್ನೊಂದು ಕಡೆ ಹೊಸ ತೂತುಗಳು. ಅದೇ ಬ್ರಾಕೆಟ್. ಇಡೀ ಜೋಡಣೆಯಲ್ಲಿ ಯಾವ ಕಂಪನಿಯೂ ಪರೀಕ್ಷಿಸದ, ಯಾವ ಪುಸ್ತಕದಲ್ಲೂ ಇಲ್ಲದ, ಕೇವಲ ನನ್ನಂಥವನ ಮಾತಿನ ಮೇಲೆ ನಿಂತ ಭಾಗ ಅದೊಂದೇ.

ಅದರ ಮೇಲೆ ಬೀಳುವ ಭಾರವನ್ನು ಲೆಕ್ಕ ಹಾಕಿ ನೋಡೋಣ, ಕಷ್ಟವೇನಿಲ್ಲ. ಒಣ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಟೈರುಗಳು ಕಾರಿನ ತೂಕದ ಹತ್ತರಲ್ಲಿ ಎಂಟು ಪಾಲಿನಷ್ಟು ಬಲದಿಂದ ರಸ್ತೆಯನ್ನು ತಡೆಯುತ್ತವೆ. 1200 ಕೆ.ಜಿ.ಗೆ ಅದು ಸುಮಾರು 960 ಕೆ.ಜಿ. ತೂಕದಷ್ಟು ಬಲ. ಕಾರು ಮುಂದಕ್ಕೆ ಬಾಗುವುದರಿಂದ ಅದರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮುಂದಿನ ಎರಡು ಚಕ್ರಗಳ ಪಾಲು, ಅಂದರೆ ಒಂದೊಂದಕ್ಕೆ ಸುಮಾರು 335. ಟೈರು ನೆಲ ಮುಟ್ಟುವುದು ಚಕ್ರದ ನಡುವಿನಿಂದ ಸುಮಾರು 28 ಸೆಂ.ಮೀ. ದೂರದಲ್ಲಿ, ಕ್ಯಾಲಿಪರ್ ತಟ್ಟೆಯನ್ನು ಹಿಡಿಯುವುದು ಸುಮಾರು 10 ಸೆಂ.ಮೀ. ದೂರದಲ್ಲಿ. ಹತ್ತಿರ ಹಿಡಿದವನು ಹೆಚ್ಚು ಬಲ ಹಾಕಬೇಕು. 335ನ್ನು 2.8ರಿಂದ ಗುಣಿಸಿದರೆ 940 ಆಗುತ್ತದೆ. ಅಂದರೆ ಪ್ರತಿ ಸಲ ಜೋರಾಗಿ ಬ್ರೇಕ್ ಹಾಕಿದಾಗಲೂ ಒಂದೊಂದು ಬ್ರಾಕೆಟ್ಟಿನ ಮೇಲೆ ಖಾಲಿ ಪದ್ಮಿನಿಯನ್ನೇ ನೇತುಹಾಕಿದಷ್ಟು ಭಾರ ಬೀಳುತ್ತದೆ. ಅದೂ ನೇರವಾಗಿ ಎಳೆಯುವ ಭಾರವಲ್ಲ. ಕ್ಯಾಲಿಪರ್ ಬ್ರಾಕೆಟ್ಟಿನಿಂದ ಆಚೆಗೆ ಚಾಚಿಕೊಂಡಿರುವುದರಿಂದ ಅದು ತಿರುಚುತ್ತಲೂ ಇರುತ್ತದೆ.

ಈ ಲೆಕ್ಕವನ್ನು ಮೊದಲ ಸಲ ಕಾಗದದ ಮೇಲೆ ಮಾಡಿದಾಗ ಸಂಖ್ಯೆಗಿಂತ ಹೆಚ್ಚಾಗಿ ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ವಿಚಾರ. ಈ ತುಂಡು ಮುರಿದರೆ ಏಟು ತಿನ್ನುವವರು ಯಾರು? ಕಾರಿನ ಒಡೆಯ ತಿಳಿದೇ ಈ ಕೆಲಸಕ್ಕೆ ಇಳಿದವನು. ಅವನು 'ನನ್ನ ಕಾರು, ನನ್ನ ಜೀವ, ನಾನು ನೋಡ್ಕೊಳ್ತೀನಿ' ಎನ್ನಬಹುದು. ಪಕ್ಕದ ಸೀಟಿನಲ್ಲಿ ಕೂತ ಅವನ ತಾಯಿಗೆ ಬ್ರಾಕೆಟ್ ಎಂಬುದೊಂದು ಇದೆ ಎಂದೇ ತಿಳಿದಿಲ್ಲ. ರಸ್ತೆ ದಾಟುತ್ತಿರುವ ಶಾಲೆಯ ಹುಡುಗಿಗೆ ಈ ಕಾರೂ ಗೊತ್ತಿಲ್ಲ, ನಾನೂ ಗೊತ್ತಿಲ್ಲ. ಬ್ರೇಕ್ ವಿಚಿತ್ರ ವಸ್ತು. ಅದನ್ನು ಕೊಳ್ಳುವವನು ಒಬ್ಬ, ಅದರ ಮೇಲೆ ನಂಬಿಕೆ ಇಟ್ಟು ಬದುಕುವವರು ನೂರಾರು ಜನ. ಆ ನೂರಾರು ಜನರಲ್ಲಿ ಒಬ್ಬರ ಒಪ್ಪಿಗೆಯನ್ನೂ ನಾವು ಕೇಳಿರುವುದಿಲ್ಲ.

ಹಾಗಾದರೆ ಇಂಥ ಕೆಲಸಕ್ಕೆ ಕೈಹಾಕದೆ ಇದ್ದುಬಿಟ್ಟರೆ? ಅದು ಸುಲಭದ ಉತ್ತರ. ಆದರೆ ನಾನು 'ಆಗಲ್ಲಪ್ಪ' ಎಂದರೆ ಹುಡುಗ ಕಾರನ್ನು ಮನೆಯಲ್ಲಿ ನಿಲ್ಲಿಸುವುದಿಲ್ಲ. ಹಳೆಯ ಡ್ರಮ್ಮಿನಲ್ಲೇ ಘಾಟಿ ಇಳಿಯುತ್ತಾನೆ. ಅವನ ಮುಂದೆ ಹೋಗುವ ಇಂದಿನ ಕಾರು ಎಬಿಎಸ್ ಇರುವ ಡಿಸ್ಕ್ ಬ್ರೇಕಿನಿಂದ ಥಟ್ಟನೆ ನಿಲ್ಲುತ್ತದೆ, ಇವನದು ನಿಲ್ಲುವುದಿಲ್ಲ. ಅಥವಾ ಗುಜರಿಯಿಂದ ಪ್ಲೇಟೊಂದನ್ನು ತಂದು, ಗ್ಯಾಸಿನಲ್ಲಿ ಕತ್ತರಿಸಿ, ಕಣ್ಣಳತೆಯಲ್ಲಿ ತೂತು ಕೊರೆದು ಕೊಡುವವರ ಬಳಿ ಹೋಗುತ್ತಾನೆ. ಕೈಕಟ್ಟಿ ಕೂತರೆ ನನ್ನ ಹೆಸರು ಸ್ವಚ್ಛವಾಗಿ ಉಳಿಯುತ್ತದೆ, ರಸ್ತೆ ಸ್ವಚ್ಛವಾಗುವುದಿಲ್ಲ. ತಿಳಿದವನು ದೂರ ನಿಂತರೆ ಆ ಜಾಗಕ್ಕೆ ತಿಳಿಯದವನು ಬರುತ್ತಾನೆ ಎಂಬುದು ಎಲ್ಲ ಕ್ಷೇತ್ರಕ್ಕೂ ಅನ್ವಯಿಸುವ ಮಾತು.

ಈ ಪ್ರಶ್ನೆಗೆ ನ್ಯಾಯಾಲಯವೊಂದು ಬಹಳ ಹಿಂದೆ ಮುಖಾಮುಖಿಯಾಗಿದೆ. ಮ್ಯಾಕ್‌ಫರ್ಸನ್ ಎಂಬ ಅಮೆರಿಕನ್ ತನ್ನ ಬ್ಯುಕ್ ಕಾರಿನಲ್ಲಿ ಹೋಗುವಾಗ ಮರದ ಚಕ್ರದ ಅರೆಕಾಲುಗಳು ಪುಡಿಯಾಗಿ, ಕಾರು ಕುಸಿದು, ಅವನು ಹೊರಗೆ ಎಸೆಯಲ್ಪಟ್ಟು ಗಾಯಗೊಂಡ. ಕಂಪನಿಯ ವಾದ ಸರಳವಾಗಿತ್ತು: ಚಕ್ರವನ್ನು ನಾವು ಮಾಡಿದ್ದಲ್ಲ, ಬೇರೆಯವರಿಂದ ಕೊಂಡದ್ದು. ಕಾರನ್ನು ಇವನಿಗೆ ಮಾರಿದ್ದೂ ನಾವಲ್ಲ, ವ್ಯಾಪಾರಿ. ನಮಗೂ ಇವನಿಗೂ ಕರಾರೇ ಇಲ್ಲ. 1916ರಲ್ಲಿ ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಬೆಂಜಮಿನ್ ಕಾರ್ಡೊಜೊ ಈ ವಾದವನ್ನು ತಳ್ಳಿಹಾಕಿದರು. ಅಜಾಗರೂಕವಾಗಿ ಮಾಡಿದರೆ ಜೀವಕ್ಕೆ ಅಪಾಯ ತರುವ ವಸ್ತುವೊಂದನ್ನು ಕೊಂಡವನಲ್ಲದೆ ಬೇರೆಯವರೂ ಬಳಸುತ್ತಾರೆ ಎಂದು ತಿಳಿದಿರುವಾಗ, ಕರಾರು ಇರಲಿ ಬಿಡಲಿ, ಮಾಡಿದವನಿಗೆ ಎಚ್ಚರದ ಹೊಣೆ ಇದೆ ಎಂಬುದು ಅವರ ತೀರ್ಪಿನ ತಿರುಳು. ತಪಾಸಣೆ ಮಾಡಿದ್ದರೆ ಚಕ್ರದ ದೋಷ ತಿಳಿಯುತ್ತಿತ್ತು, ಮಾಡಲಿಲ್ಲ, ಆದ್ದರಿಂದ ಹೊಣೆ ಕಂಪನಿಯದೇ.

ನನಗೆ ಈ ತೀರ್ಪು ಮುಖ್ಯವಾಗುವುದು ಕಾನೂನಿನ ಕಾರಣಕ್ಕಲ್ಲ. ಹೊಣೆ ಎಂಬುದು ವ್ಯವಹಾರದ ಜೊತೆ ಹುಟ್ಟುತ್ತದೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಹಣ ಪಡೆದರೆ ಹೊಣೆ ಉಂಟು, ಗೆಳೆತನಕ್ಕೆ ಮಾಡಿಕೊಟ್ಟರೆ ಇಲ್ಲ ಎಂದುಕೊಳ್ಳುತ್ತೇವೆ. 'ಪುಕ್ಕಟೆ ಮಾಡಿಕೊಟ್ಟಿದ್ದೀನಿ, ಇನ್ನು ಅದೂ ಇದೂ ಕೇಳ್ಬೇಡ' ಎಂಬ ಮಾತು ನಮ್ಮ ಬಾಯಿಗೆ ಸುಲಭವಾಗಿ ಬರುತ್ತದೆ. ಆದರೆ ಉಕ್ಕಿಗೆ ಕರಾರು ಗೊತ್ತಿಲ್ಲ. ನಾನು ಹಣ ಪಡೆದಿದ್ದೇನೋ ಇಲ್ಲವೋ, ಆ 940 ಕೆ.ಜಿ. ಭಾರ ಅಷ್ಟೇ ಇರುತ್ತದೆ. ರಸ್ತೆ ದಾಟುವ ಹುಡುಗಿಗೆ ನಾನು ಗೆಳೆತನಕ್ಕೆ ಮಾಡಿದ್ದು ಎಂಬುದು ಯಾವ ಸಮಾಧಾನವೂ ಅಲ್ಲ.

ನಮ್ಮ ದೇಶದ ಕಾನೂನು ಏನನ್ನುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿತು. ಆದರೆ ನಾನು ನೋಡಿದ ನೋಂದಣಿ ಪತ್ರಗಳಲ್ಲಿ ಬಣ್ಣ ಇದೆ, ಎಂಜಿನ್ ಸಂಖ್ಯೆ ಇದೆ, ಚಾಸಿ ಸಂಖ್ಯೆ ಇದೆ, ಬ್ರೇಕ್ ಯಾವ ಬಗೆಯದು ಎಂಬ ಕಲಮು ಇಲ್ಲ. ಕಾರಿನ ಬಣ್ಣ ಬದಲಾಯಿಸಿದರೆ ಪತ್ರದಲ್ಲಿ ಬರೆಸಬೇಕು, ಬ್ರೇಕ್ ಬದಲಾಯಿಸಿದ್ದು ಆ ಪತ್ರಕ್ಕೆ ಕಾಣುವುದೇ ಇಲ್ಲ. ಕೆಲಸಕ್ಕೆ ಮೊದಲು ಸಾರಿಗೆ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಬೇಕು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಆದರೆ ಅಲ್ಲಿ ಮುದ್ರೆ ಬಿದ್ದ ಮಾತ್ರಕ್ಕೆ ಪ್ಲೇಟಿನ ಒಳಮೂಲೆಯನ್ನು ಯಾರೋ ನೋಡಿದಂತಾಗುವುದಿಲ್ಲ. ಅದನ್ನು ನೋಡಬೇಕಾದವನು ಮಾಡಿದವನೇ.

ಒಳಮೂಲೆ ಎಂದೆ. ಇಡೀ ವಿಷಯ ಅಲ್ಲೇ ಅಡಗಿದೆ. ಲೋಹ ಒಂದೇ ಏಟಿಗೆ ಮುರಿಯುವುದು ಅಪರೂಪ. ತಂತಿಯನ್ನು ಬಾಗಿಸಿ ಬಾಗಿಸಿ ಮುರಿಯುವ ಹಾಗೆ, ಸಾವಿರಾರು ಸಲ ಸಣ್ಣ ಭಾರ ಬಿದ್ದು ಬಿದ್ದು, ಒಂದು ದಿನ ಮುರಿಯುತ್ತದೆ. ಹತ್ತೊಂಬತ್ತನೇ ಶತಮಾನದ ರೈಲುಗಳ ಅಚ್ಚುಗಳು ಹೀಗೆ ಮುರಿದದ್ದನ್ನು ಕಂಡೇ ಜರ್ಮನಿಯ ಆಗಸ್ಟ್ ವೂಲರ್ ಲೋಹದ ದಣಿವಿನ ಅಭ್ಯಾಸಕ್ಕೆ ತಳಹದಿ ಹಾಕಿದ. ದಣಿವಿನ ಬಿರುಕು ಹುಟ್ಟುವುದು ಹೆಚ್ಚಾಗಿ ಚೂಪಾದ ಮೂಲೆಯಲ್ಲಿ ಅಥವಾ ಒರಟಾದ ತೂತಿನ ಅಂಚಿನಲ್ಲಿ. 1954ರಲ್ಲಿ ಬ್ರಿಟನ್ನಿನ ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದಾಗ ತನಿಖೆ ಹೋಗಿ ನಿಂತದ್ದು ವಿಮಾನದ ಮೈಯಲ್ಲಿ ಕೊರೆದಿದ್ದ ಕಿಂಡಿಗಳ ಮೂಲೆಗಳ ಬಳಿ. ಬ್ರಾಕೆಟ್ಟಿನಲ್ಲೂ ಹಾಗೆಯೇ. ನಕ್ಷೆಯಲ್ಲಿ ಎರಡು ಗೆರೆ ಚೂಪಾಗಿ ಕೂಡಿದರೆ ಲೇಸರ್ ಅದನ್ನು ಹಾಗೆಯೇ ಕತ್ತರಿಸುತ್ತದೆ. ನಾನು ಅಲ್ಲಿ 6 ಮಿ.ಮೀ. ದುಂಡಗೆ ಬಿಡುತ್ತೇನೆ. ಕತ್ತರಿಸಿದ ಅಂಚನ್ನು ಅರ ಹಿಡಿದು ನುಣುಪು ಮಾಡಿಸುತ್ತೇನೆ. ಜೋಡಿಸಿದ ಮೇಲೆ ಈ ಕೆಲಸ ಯಾರಿಗೂ ಕಾಣುವುದಿಲ್ಲ. ಮಾಡಿದ್ದಕ್ಕೂ ಮಾಡದಿದ್ದಕ್ಕೂ ಮೊದಲ ದಿನ ಯಾವ ವ್ಯತ್ಯಾಸವೂ ಇರುವುದಿಲ್ಲ, ಎರಡೂ ಕಾರನ್ನು ನಿಲ್ಲಿಸುತ್ತವೆ.

ಇಲ್ಲಿ ನನಗೆ ಬೇಲೂರಿನ ಜಕಣಾಚಾರಿಯ ಐತಿಹ್ಯ ನೆನಪಾಗುತ್ತದೆ. ಕಥೆ ಎಲ್ಲರಿಗೂ ಗೊತ್ತು. ಮಹಾಶಿಲ್ಪಿ ಕಡೆದ ವಿಗ್ರಹ ಪ್ರತಿಷ್ಠೆಗೆ ಸಿದ್ಧವಾಗಿದೆ. ಎಲ್ಲಿಂದಲೋ ಬಂದ ಹುಡುಗನೊಬ್ಬ ಕಲ್ಲಿನಲ್ಲಿ ದೋಷವಿದೆ ಎನ್ನುತ್ತಾನೆ. ದೋಷ ತೋರಿಸಿದರೆ ಬಲಗೈಯನ್ನೇ ಕತ್ತರಿಸಿಕೊಳ್ಳುತ್ತೇನೆ ಎಂದು ಶಿಲ್ಪಿ ಪಣ ತೊಡುತ್ತಾನೆ. ಹುಡುಗ ವಿಗ್ರಹಕ್ಕೆ ಗಂಧ ಲೇಪಿಸುತ್ತಾನೆ. ಲೇಪ ಎಲ್ಲ ಕಡೆ ಒಣಗುತ್ತದೆ, ಹೊಕ್ಕುಳ ಬಳಿ ಮಾತ್ರ ಒಣಗುವುದಿಲ್ಲ. ಅಲ್ಲಿ ಉಳಿ ಇಟ್ಟಾಗ ನೀರಿನ ಜೊತೆ ಕಪ್ಪೆ ಹೊರಬರುತ್ತದೆ. ಆ ಹುಡುಗ ಡಂಕಣ, ಶಿಲ್ಪಿಯ ಮಗನೇ.

ಈ ಕಥೆಯನ್ನು ನಾವು ತಂದೆ-ಮಗನ ಕಥೆಯಾಗಿ, ಅಹಂಕಾರದ ಕಥೆಯಾಗಿ, ಕಲೆಗೆ ಕೊಟ್ಟ ಬಲಿಯ ಕಥೆಯಾಗಿ ಓದುತ್ತೇವೆ. ನಾನು ಇದನ್ನು ತಪಾಸಣೆಯ ಕಥೆಯಾಗಿಯೂ ಓದುತ್ತೇನೆ. ಇಂದಿನ ಕಾರ್ಖಾನೆಗಳಲ್ಲಿ ಬಿರುಕು ಹುಡುಕಲು ಮಾಡುವುದು ಹೆಚ್ಚುಕಡಿಮೆ ಡಂಕಣ ಮಾಡಿದ್ದನ್ನೇ. ಲೋಹದ ಮೇಲೆ ಕೆಂಪು ದ್ರವ ಸವರುತ್ತಾರೆ, ಸ್ವಲ್ಪ ಹೊತ್ತು ಬಿಟ್ಟು ಒರೆಸುತ್ತಾರೆ, ಮೇಲೆ ಬಿಳಿ ಪುಡಿ ಸಿಂಪಡಿಸುತ್ತಾರೆ. ಬಿರುಕಿನೊಳಗೆ ಇಳಿದಿದ್ದ ಕೆಂಪು ಬಿಳಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಕಣ್ಣಿಗೆ ಕಾಣದ್ದನ್ನು ಒದ್ದೆ ಹೇಳುತ್ತದೆ. ಜಕಣಾಚಾರಿಯ ಕಣ್ಣು, ಕೈ ಎರಡೂ ಡಂಕಣನದಕ್ಕಿಂತ ಪಳಗಿದವು ಇರಬೇಕು, ಆದರೂ ಕಲ್ಲಿನ ಒಳಗು ಅವನಿಗೆ ಕಾಣಲಿಲ್ಲ. ಪರಿಣತಿಯಿಂದ ಕಾಣದ್ದು ಪರೀಕ್ಷೆಯಿಂದ ಕಂಡಿತು. ಪರೀಕ್ಷೆ ನಡೆದದ್ದು ಪ್ರತಿಷ್ಠೆಗೆ ಮೊದಲು ಎಂಬುದನ್ನೂ ಗಮನಿಸಬೇಕು. ಕತ್ತರಿಸಿದ ಕೈ ನಮ್ಮ ಮನಸ್ಸಿನಲ್ಲಿ ಉಳಿದಿದೆ, ಗಂಧದ ಲೇಪ ಮರೆತುಹೋಗಿದೆ. ರಸ್ತೆ ದಾಟುವವಳಿಗೆ ನನ್ನ ಪಶ್ಚಾತ್ತಾಪದಿಂದ ಏನೂ ಆಗಬೇಕಿಲ್ಲ, ಮೊದಲೇ ಲೇಪ ಹಚ್ಚಿ ನೋಡಿದ್ದರೆ ಸಾಕು.

ನಮ್ಮಲ್ಲಿ ಇದಕ್ಕೆ ಅಡ್ಡ ಬರುವ ಒಂದು ಹೆಮ್ಮೆ ಇದೆ. ಇದ್ದದ್ದರಲ್ಲಿ ಹೇಗಾದರೂ ಹೊಂದಿಸಿ ಕೆಲಸ ನಡೆಸುವುದನ್ನು ಈಗ ಜುಗಾಡ್ ಎಂದು ಕೊಂಡಾಡುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯ ಗಲ್ಲಿಗಳಲ್ಲಿ, ಪೀಣ್ಯದ ಶೆಡ್ಡುಗಳಲ್ಲಿ ನಾನು ನೋಡಿದ ಟರ್ನರುಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಲೇತಿನ ಸದ್ದು ಕೇಳಿಯೇ ಟೂಲ್ ಮೊಂಡಾಗಿದೆ ಎನ್ನುವವರು ಅವರು. ಆದರೆ ಅವರ ಜ್ಞಾನ ಬಂದದ್ದು ಹೇಗೆ ಎಂದು ಯೋಚಿಸಿ. ಪಂಪಿನ ಶಾಫ್ಟ್ ಮಾಡಿಕೊಟ್ಟರೆ, ಅದು ಮೂರು ತಿಂಗಳಿಗೆ ತುಂಡಾಗಿ ರೈತನ ಕೈಯಲ್ಲಿ ವಾಪಸು ಬರುತ್ತದೆ. ಎಲ್ಲಿ ತುಂಡಾಯಿತು ಎಂದು ನೋಡಿ ಮುಂದಿನದನ್ನು ಬೇರೆ ರೀತಿ ಮಾಡುತ್ತಾರೆ. ಹೀಗೆ ಮರಳಿ ಬಂದ ಸೋಲುಗಳೇ ಅವರ ವಿಶ್ವವಿದ್ಯಾಲಯ. ಬ್ರೇಕಿನ ಬ್ರಾಕೆಟ್ ಹಾಗೆ ಮರಳಿ ಬಂದು ಪಾಠ ಹೇಳುವುದಿಲ್ಲ. ಅದು ಒಂದೇ ಸಲ ಸೋಲುತ್ತದೆ. ಹತ್ತು ಕಾರಿಗೆ ಹಾಕಿದ್ದೇನೆ, ಏನೂ ಆಗಿಲ್ಲ ಎಂಬ ಮಾತಿನ ಅರ್ಥ ಇಲ್ಲಿಯವರೆಗೆ ಆಗಿಲ್ಲ ಎಂದಷ್ಟೇ. ಅನುಭವದಿಂದ ಕಲಿಯಲು ಹಕ್ಕಿಲ್ಲದ ಕೆಲವು ಕೆಲಸಗಳಿವೆ, ಏಕೆಂದರೆ ಆ ಅನುಭವದ ಬೆಲೆಯನ್ನು ಬೇರೆಯವರು ಕೊಡಬೇಕಾಗುತ್ತದೆ. ಅಂಥಲ್ಲಿ ಲೆಕ್ಕ, ಪರೀಕ್ಷೆ, ಬೇರೆಯವರ ಸೋಲುಗಳ ಓದು ಇವೇ ಅನುಭವದ ಸ್ಥಾನದಲ್ಲಿ ನಿಲ್ಲಬೇಕು.

ಗೊತ್ತಿಲ್ಲದ್ದಕ್ಕೆ ಜಾಗ ಬಿಡುವುದೂ ಈ ಲೆಕ್ಕದ ಭಾಗ. 940 ಬಂದರೆ ಅದರ ಮೂರು ನಾಲ್ಕು ಪಟ್ಟು ಭಾರಕ್ಕೆ ನಾವು ತಯಾರಿ ಮಾಡುತ್ತೇವೆ. ಇದನ್ನು ಸುರಕ್ಷಾ ಗುಣಕ ಎನ್ನುತ್ತಾರೆ. ನನ್ನ ಪ್ರಕಾರ ಅದು ನಮ್ಮ ಅಜ್ಞಾನವನ್ನು ಒಪ್ಪಿಕೊಂಡು ಅದಕ್ಕೆ ಕೊಟ್ಟ ದಪ್ಪ. ಆದರೆ ದಪ್ಪವೊಂದೇ ಎಲ್ಲಕ್ಕೂ ಉತ್ತರವಲ್ಲ. ಬ್ರಾಕೆಟ್ಟನ್ನು ದಪ್ಪ ಮಾಡಿದರೆ ಭಾರ ಮಾಯವಾಗುವುದಿಲ್ಲ, ಬೋಲ್ಟುಗಳ ಕಡೆಗೆ ಸರಿಯುತ್ತದೆ. ತಲೆಯ ಮೇಲೆ 8.8 ಎಂಬ ಅಂಕಿ ಇರುವ ಒಳ್ಳೆಯ ಬೋಲ್ಟು ಹಾಕಿ ಸರಿಯಾಗಿ ಬಿಗಿದರೆ, ಭಾರ ಬೋಲ್ಟುಗಳನ್ನೂ ದಾಟಿ ಸ್ಟಬ್ ಆಕ್ಸಲ್‌ಗೆ, ಅದನ್ನು ಹಿಡಿದ ತೋಳುಗಳಿಗೆ ಹೋಗುತ್ತದೆ. ಅವು ಅರ್ಧ ಶತಮಾನ ಹಳೆಯವು. ಹಳೆಯ ಡ್ರಮ್ಮಿನಲ್ಲಿ ಈ ಬಲ ದೊಡ್ಡ ಬ್ಯಾಕ್ ಪ್ಲೇಟಿನ ಮೂಲಕ ಹರಡಿ ಬರುತ್ತಿತ್ತು, ಈಗ ಒಂದು ಮಗ್ಗುಲಿನಿಂದ ಬರುತ್ತದೆ. ಮಾಸ್ಟರ್ ಸಿಲಿಂಡರಿನ ಕಥೆಯೂ ಹೀಗೆಯೇ. ಡ್ರಮ್ಮಿನ ಶೂ ತಿರುಗುವ ಡ್ರಮ್ಮಿಗೆ ಸಿಕ್ಕಿ ತಾನೇ ಇನ್ನಷ್ಟು ಬಿಗಿಯಾಗುತ್ತದೆ, ಡಿಸ್ಕಿಗೆ ಆ ಸಹಾಯವಿಲ್ಲ, ಹೆಚ್ಚು ಒತ್ತಡ ಬೇಕು. ಹಿಂದಿನ ಚಕ್ರಗಳ ಜೊತೆ ಸಮತೋಲ ಮತ್ತೆ ನೋಡಬೇಕು. ಒಂದನ್ನು ಸುಧಾರಿಸಿದರೆ ದೌರ್ಬಲ್ಯ ಇಲ್ಲವಾಗುವುದಿಲ್ಲ, ಮುಂದಿನ ಮನೆಗೆ ಹೋಗುತ್ತದೆ. ಸುಧಾರಕ ಅದರ ಹಿಂದೆಯೇ ಹೋಗಿ, ಈ ಭಾರವನ್ನು ಹೊರಬಲ್ಲ ಜಾಗ ಸಿಗುವವರೆಗೆ ಪ್ರತಿ ಬಾಗಿಲನ್ನೂ ತಟ್ಟಿ ನೋಡಬೇಕು. ಶನಿವಾರದ ರ‍್ಯಾಲಿಗೆ ಬೇಕು, ಬ್ರಾಕೆಟ್ ಒಂದನ್ನು ಕೊಡಿ, ಉಳಿದದ್ದು ಆಮೇಲೆ ನೋಡೋಣ ಎಂದು ಬುಧವಾರ ಬಂದವರೊಬ್ಬರಿಗೆ ನಾನು ಇಲ್ಲ ಎಂದದ್ದು ಈ ಕಾರಣಕ್ಕೆ.

ಇದನ್ನೆಲ್ಲ ಗೆಳೆಯರೊಬ್ಬರಿಗೆ ಹೇಳಿದಾಗ ಅವರು, 'ಇಷ್ಟೆಲ್ಲ ತಲೆಗೆ ಹಚ್ಚಿಕೊಂಡರೆ ಯಾರೂ ಏನೂ ಮಾಡೋಕಾಗಲ್ಲ. ಕೆಲಸ ನಿನ್ನದು, ಫಲ ನಿನ್ನದಲ್ಲ ಅಂತ ಗೀತೆಯೇ ಹೇಳುತ್ತಲ್ಲ' ಎಂದರು. ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಫಲದ ಆಸೆ ಬಿಡುವುದು ಬೇರೆ, ಫಲದ ಹೊಣೆ ಬಿಡುವುದು ಬೇರೆ ಎಂದು ಈಗ ನನಗನ್ನಿಸುತ್ತದೆ. ಹೊಗಳಿಕೆ, ಹಣ, ಹೆಸರು ಇವುಗಳ ಆಸೆ ಬಿಟ್ಟರೆ ಕೆಲಸ ಶುದ್ಧವಾಗುತ್ತದೆ ಎಂಬುದು ನಿಜ. ಯಾರಿಗೂ ಕಾಣದ ಒಳಮೂಲೆಯನ್ನು ದುಂಡಗೆ ಮಾಡುವುದಕ್ಕೆ ಆ ಬಗೆಯ ನಿರಾಸೆಯೇ ಬೇಕು. ಆದರೆ ಅದೇ ಮಾತನ್ನು ಹಿಡಿದು, ಮುರಿದರೆ ಅದು ವಿಧಿ ಎಂದರೆ ಅದು ವೈರಾಗ್ಯವಲ್ಲ, ಜಾರಿಕೊಳ್ಳುವುದು. ನಮ್ಮ ಶರಣರ ಕಾಯಕದ ಕಲ್ಪನೆಯಲ್ಲೂ ಕೆಲಸ ಮಾಡಿದವನ ಬಳಿಗೇ ನಿಲ್ಲುವುದಿಲ್ಲ, ದಾಸೋಹವಾಗಿ ಬೇರೆಯವರನ್ನು ಮುಟ್ಟುತ್ತದೆ. ಬೇರೆಯವರನ್ನು ಮುಟ್ಟುವಾಗ ಅದು ಹೇಗೆ ಮುಟ್ಟುತ್ತದೆ ಎಂದು ನೋಡುವುದೂ ಕಾಯಕದ ಒಳಗೇ ಇರಬೇಕಲ್ಲವೇ?

ಹುಡುಗನಿಗೆ ಏನು ಮಾಡಿದೆ ಎಂದು ನೀವು ಕೇಳಬಹುದು. ನಕ್ಷೆಯಲ್ಲಿ ಆಕಾರ ಇರುತ್ತದೆ, ಕಾರಣ ಇರುವುದಿಲ್ಲ. 6 ಮಿ.ಮೀ. ದುಂಡು ಯಾಕೆ ಎಂದು ಗೆರೆ ಹೇಳುವುದಿಲ್ಲ. ಕಟಿಂಗ್ ಮಾಡುವವನು ಅದನ್ನು ಚೂಪು ಮಾಡಿದರೆ, ಇಎನ್8 ಬದಲು ಸಿಕ್ಕಿದ ಪ್ಲೇಟು ಹಾಕಿದರೆ, ತಡೆಯಲು ನಾನು ಅಲ್ಲಿರುವುದಿಲ್ಲ. ಹಾಗೆಂದು ಕೊಡದೆ ಮುಚ್ಚಿಟ್ಟುಕೊಳ್ಳುವುದೂ ನನಗೆ ಸರಿಕಾಣಲಿಲ್ಲ. ಗೊತ್ತಿದ್ದದ್ದನ್ನು ಗುಟ್ಟು ಮಾಡಿಯೇ ನಮ್ಮಲ್ಲಿ ಎಷ್ಟೋ ವಿದ್ಯೆಗಳು ಸತ್ತಿವೆ. ಕೊನೆಗೆ ನಾನು ಫೈಲಿನ ಬದಲು ನಾಲ್ಕು ಪುಟಗಳ ಪತ್ರ ಬರೆದೆ. ಪ್ರತಿ ಅಳತೆಗೂ ಕಾರಣ, ಭಾರದ ಲೆಕ್ಕ, ತಪ್ಪಿದರೆ ಏನಾಗುತ್ತದೆ ಎಂಬುದು. ನಿಮ್ಮ ಕಾರನ್ನು ನೀವೇ ಅಳೆದು, ಈ ಲೆಕ್ಕವನ್ನು ನೀವೇ ಒಮ್ಮೆ ಮಾಡಿ, ಹತ್ತಿರದ ಕಾಲೇಜಿನ ಮೆಕ್ಯಾನಿಕಲ್ ವಿಭಾಗದ ಮೇಷ್ಟ್ರಿಗೆ ತೋರಿಸಿ, ಆಮೇಲೆ ಕೇಳಿ ಎಂದೆ. ಮೂಲ ಸ್ಟಬ್ ಆಕ್ಸಲ್‌ನಲ್ಲಿ ಒಂದೇ ಒಂದು ಹೊಸ ತೂತನ್ನೂ ಕೊರೆಯಬೇಡಿ, ತೆಗೆದ ಡ್ರಮ್ಮುಗಳಿಗೆ ಎಣ್ಣೆ ಹಚ್ಚಿ ಪೆಟ್ಟಿಗೆಯಲ್ಲಿಡಿ, ನಿಮ್ಮ ನಂತರ ಬರುವವರಿಗೆ ಹಿಂದಕ್ಕೆ ಹೋಗುವ ದಾರಿ ಇರಲಿ ಎಂದೂ ಬರೆದೆ. ಖಾಲಿ ಮೈದಾನದಲ್ಲಿ ಓಡಿಸಿ ನೋಡಿ, ಐನೂರು ಕಿ.ಮೀ. ಆದ ಮೇಲೆ ಬಿಚ್ಚಿ, ಕೆಂಪು ದ್ರವ ಹಚ್ಚಿ ನೋಡಿ, ಘಾಟಿ ಅಲ್ಲಿಯವರೆಗೆ ಕಾಯಲಿ.

ಎರಡು ವಾರ ಉತ್ತರ ಬರಲಿಲ್ಲ. ಬೇಸರವಾಗಿರಬೇಕು ಎಂದುಕೊಂಡೆ. ಆಮೇಲೆ ಒಂದು ಕಾಗದದ ಫೋಟೊ ಬಂತು. ಅವನದೇ ಕೈಬರಹದ ಲೆಕ್ಕ. ನನ್ನ 940ರ ಜಾಗದಲ್ಲಿ ಅವನಿಗೆ 1010 ಬಂದಿತ್ತು. ಅವನ ಡಿಸ್ಕ್ ನಾನು ಹಿಡಿದದ್ದಕ್ಕಿಂತ ಚಿಕ್ಕದು. ಲೆಕ್ಕ ಸರಿಯಾಗಿತ್ತು. ಬೇರೆ ಅಳತೆಯ ಕಾರಿಗೆ ನನ್ನ ಫೈಲ್ ಹೋಗದೆ ಇದ್ದದ್ದು ಒಳ್ಳೆಯದಾಯಿತು. ಈಗ ಅವನು ಮತ್ತು ಅವನ ಮೇಷ್ಟ್ರು ಸೇರಿ ಬರೆದ ನಕ್ಷೆಯನ್ನು ನಾನು ನೋಡಿಕೊಡುತ್ತಿದ್ದೇನೆ. ಕಾರು ಇನ್ನೂ ಘಾಟಿ ಇಳಿದಿಲ್ಲ.

ಬ್ರಾಕೆಟ್ ಸಿದ್ಧವಾದಾಗ ಅದರ ಭಾರ ಬೀಳದ ಒಂದು ಮೂಲೆಯಲ್ಲಿ ಹೆಸರಿನ ಮೊದಲಕ್ಷರ ಮತ್ತು ತಾರೀಖನ್ನು ಅಚ್ಚು ಒತ್ತಿ ಎಂದು ಅವನಿಗೆ ಹೇಳಿದ್ದೇನೆ. ನಾನು ಮಾಡಿಸಿದವುಗಳ ಮೇಲೂ ಅದು ಇದೆ. ಹೊಯ್ಸಳರ ಕಾಲದ ಶಿಲ್ಪಿಗಳು ತಾವು ಕಡೆದ ಮೂರ್ತಿಗಳ ಪೀಠದಲ್ಲಿ ಹೆಸರು ಕೆತ್ತುತ್ತಿದ್ದರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಸೋಮನಾಥಪುರದಲ್ಲಿ ಮಲ್ಲಿತಮ್ಮನದು. ನಾವು ಅದನ್ನು ಕಲಾವಿದನ ಕೀರ್ತಿ ಎಂದು ನೋಡುತ್ತೇವೆ. ಚಕ್ರದ ಹಿಂದೆ, ಕೆಸರು ಮೆತ್ತಿಕೊಳ್ಳುವ ಜಾಗದಲ್ಲಿ ಒತ್ತಿದ ಎರಡಕ್ಷರಕ್ಕೆ ಕೀರ್ತಿ ಎಲ್ಲಿಂದ ಬರಬೇಕು? ಅದನ್ನು ಓದುವ ಸಂದರ್ಭ ಬಂದರೆ ಅದು ಒಳ್ಳೆಯ ಸಂದರ್ಭವಾಗಿರುವುದಿಲ್ಲ. ಆದರೂ ಯಾವತ್ತಾದರೂ ಯಾರಾದರೂ ಆ ತುಂಡನ್ನು ಕೈಯಲ್ಲಿ ಹಿಡಿದು ಇದನ್ನು ಮಾಡಿದವರು ಯಾರು ಎಂದು ಕೇಳಿದರೆ, ಆ ಪ್ರಶ್ನೆಗೆ ಉತ್ತರ ಅದರ ಮೇಲೆಯೇ ಇರಬೇಕು.